ಹನ್ನೊಂದನೆಯ ಕಲಂ

ನಮೂನೆಯ ಹನ್ನೊಂದನೆಯ ಕಲಂ ಕೇಳುತ್ತದೆ:
ಎಲ್‌ಕೆಜಿಯನ್ನು ಇಡೀ ದಿನ ನಡೆಸಿದ್ದರಿಂದ
ಮಕ್ಕಳಿಗಾದ ಪ್ರಯೋಜನವೇನು?
ಎದುರಿಗೆ ಎರಡು ಗೆರೆ ಖಾಲಿ.
ಸೋಮವಾರ ಸಾಹೇಬರು ಬರುತ್ತಾರಂತೆ.

ಹೋದ ವರ್ಷದವರೆಗೆ
ಹನ್ನೆರಡೂವರೆಗೆ ಗಂಟೆ ಹೊಡೆದರೆ
ನನ್ನ ಮಕ್ಕಳು ಮನೆಗೆ ಹೋಗುತ್ತಿರಲಿಲ್ಲ. ಮನೆಗೆ ಬೀಗ.
ಭಾಷಾನಗರದ ಹಿಂದಿನ ಸಾಲಿನ ಭಟ್ಟಿಗಳಲ್ಲಿ
ಅವರ ತಾಯಂದಿರು ಕಾದ ಮರಳಲ್ಲಿ ಅಕ್ಕಿ ಅರಳಿಸುತ್ತಿದ್ದರು,
ಸಂಜೆ ದಾವಣಗೆರೆಯೆಲ್ಲ ಮಿರ್ಚಿ ಕಚ್ಚಿಕೊಂಡು
ಮುಕ್ಕುವ ಮಂಡಕ್ಕಿಯನ್ನು.
ಮಗು ಚೀಲದ ರಾಶಿಗೆ ಒರಗಿ
ಬೆಳಗ್ಗೆ ಕಲಿತದ್ದನ್ನೆಲ್ಲ ಹೊಗೆಗೆ ಒಪ್ಪಿಸುತ್ತಿತ್ತು.
ಮರುದಿನ ನಾನು ಮತ್ತೆ ಅ-ದಿಂದ.
ತಲೆ ಮೂಸಿದರೆ ಸುಟ್ಟ ಹೊಟ್ಟಿನ ವಾಸನೆ.

ಈಗ ಒಂದು ಗಂಟೆಗೆ ತಟ್ಟೆಗಳ ಸದ್ದು.
ಅಜ್ಜಯ್ಯ (ಹೆಸರಷ್ಟೇ ದೊಡ್ಡದು, ವಯಸ್ಸು ನಾಲ್ಕು)
ಜೂನ್ ಪೂರ್ತಿ ಅರ್ಧ ಮೊಟ್ಟೆ ಜೇಬಿಗಿಳಿಸುತ್ತಿದ್ದ.
ಅಂಗಿಯ ಜೇಬು ಹಳದಿ, ಇರುವೆ ಸಾಲು.
ಯಾಕೋ, ಅಂದರೆ, ನಾಳೆಗೆ.
ನಾಳೆಯೂ ಕೊಡ್ತಾರೆ ಎಂದು ನಾನು ಎಷ್ಟು ಹೇಳಿದರೂ ನಂಬಲಿಲ್ಲ.
ಆಷಾಢ ಕಳೆಯಿತು. ಒಂದು ಬುಧವಾರ
ಇಡೀ ಮೊಟ್ಟೆ ತಿಂದು, ಬಾಯಿ ಒರೆಸಿಕೊಂಡು,
ನನ್ನ ಕಡೆ ತಿರುಗಿಯೂ ನೋಡದೆ ಆಡಲು ಓಡಿದ.

ಆಮೇಲೆ ಇಪ್ಪತ್ತಮೂರು ಚಾಪೆ.
ಆಯಾ ಕೊಟ್ರಮ್ಮನ ಸೆರಗು ನಾಲ್ಕು ಮುಷ್ಟಿಯಲ್ಲಿ ಸಿಕ್ಕಿಕೊಂಡು
ಅವಳ ಚಹಾ ದಿನವೂ ಆರಿಹೋಗುತ್ತದೆ.
ಎದ್ದು ಹೋಗೇ, ಅಂದರೆ
ಹೆಂಗ್ ಏಳ್ಲಿ ಬಿಡ್ರಿ, ಅನ್ನುತ್ತಾಳೆ.
ಫ್ಯಾನು ಕಟಕಟ. ಯಾರದೋ ಮೂಗು ಸಣ್ಣಗೆ ಸಿಳ್ಳೆ.

ರುಬಿಯಾ ಶಾಲೆಗೆ ಬಂದು ಐದು ತಿಂಗಳು ಬಾಯಿ ಬಿಡಲಿಲ್ಲ.
ಬೆಳಗಿನ ಹೊತ್ತಿಗೆ ಪುರುಸೊತ್ತೆಲ್ಲಿ?
ಹಾಜರಿ, ಪ್ರಾರ್ಥನೆ, ಸಿಂಬಳ, ಅ ಆ ಇ ಈ,
ಕಾಯುವುದರೊಳಗೆ ಗಂಟೆ.
ಮಧ್ಯಾಹ್ನಕ್ಕೆ ಮಾತ್ರ ಅವಸರವಿಲ್ಲ.
ಒಂದು ದಿನ ಮೂರೂ ಹತ್ತಕ್ಕೆ, ನಿದ್ದೆಗಣ್ಣಲ್ಲೇ,
ಬಾಟಲಿ ಮುಚ್ಚಳ ಜೋಡಿಸುತ್ತ ಕೂತಿದ್ದಳು.
ಇದು ನಿಮ್ಮ ಮನೆಯಾ, ಎಂದೆ ಸುಮ್ಮನೆ, ಉತ್ತರಕ್ಕೆ ಕಾಯದೆ.
'ಅಲ್ಲ. ಮನೆ ಈ ಕಡೆ. ಇದು ಭಟ್ಟಿ.
ಹೊಗೆ ಹಿಂಗೆ ಬರ್ತದೆ.'
ಕೈ ಬೀಸಿ ತೋರಿಸಿದಳು.
ನಾನೂ ಸ್ವಲ್ಪ ಹಿಂದೆ ಸರಿದೆ, ಹೊಗೆಗೆ ಜಾಗ ಬಿಟ್ಟು.

ಇದನ್ನು ಯಾವ ಗೆರೆಯಲ್ಲಿ ಬರೆಯಲಿ?

ಇನ್ನೊಂದೂ ಉಂಟು, ಅದಕ್ಕೆ ಕಲಮ್ಮೇ ಇಲ್ಲ.
ನಾಲ್ಕಕ್ಕೆ ಗೇಟಿನಲ್ಲಿ ರುಬಿಯಾಳ ಅಮ್ಮಿ ಶಮೀಮ್,
ಮಣಿಕಟ್ಟಿನ ಮೇಲೆ ಹೊಸ ಸುಟ್ಟ ಗುರುತು.
ಈಗ ಪೂರ್ತಿ ಪಗಾರ, ಅನ್ನುತ್ತಾಳೆ, ಯಾರೂ ಬೈಯುವುದಿಲ್ಲ.
ಒಳಗಿಂದ ಮಗಳು: ಇನ್ನೂ ಮುಗಿದಿಲ್ಲ, ನಿಲ್ಲು.
'ನನ್ನ ಪಾಲಿಗೆ ರಾತ್ರಿ ಒಂದೇ ಉಳೀತು, ಟೀಚರ್.'
ನಕ್ಕಳು. ದೂರಲಿಲ್ಲ. ಆದರೂ
ಆ ಮಾತು ನನ್ನ ಜೊತೆ ಸಿಟಿ ಬಸ್ಸು ಹತ್ತಿತು,
ಯಾಕೆಂದರೆ ನನ್ನ ಮಗಳೂ ಮೂರಕ್ಕೆ ಬಂದು
ಪಕ್ಕದ ಮನೆಯಲ್ಲಿ ಬೀಗದಕೈ ಇಸಿದುಕೊಳ್ಳುತ್ತಾಳೆ.

'ಮಕ್ಕಳು ನಿದ್ದಿ ಮಾಡ್ತಾವ ಅಂತ ಬರೀರಿ, ಸಾಕು,'
ಅಂದಳು ಕೊಟ್ರಮ್ಮ, ಚಾಪೆ ಸುತ್ತುತ್ತ.
ಅಷ್ಟೇ ಬರೆದೆ. ಒಂದು ಗೆರೆ ತುಂಬಿತು.

ಎರಡನೆಯದನ್ನು ಯೋಚಿಸುತ್ತ ನೀರು ಕುಡಿದು ಬರುವಷ್ಟರಲ್ಲಿ
ಅಲ್ಲಿ ನೀಲಿ ಬಣ್ಣದಲ್ಲಿ ಸೊಟ್ಟ ಸೊನ್ನೆಯೊಂದು ಕೂತಿತ್ತು.
ಕೈಯಲ್ಲಿ ಕ್ರೇಯಾನು ಹಿಡಿದು ಅಜ್ಜಯ್ಯ.
ಏನೋ ಇದು, ಮೊಟ್ಟೆಯೋ, ಸೂರ್ಯನೋ?

ನಾಳೆ ಹೇಳ್ತೀನಿ, ಅಂದ.