ಹೇನು ಹೆಕ್ಕುವುದು

ಅಲಸಂಡೆಯ ಎಳೆ ಕುಡಿಯಲ್ಲಿ ಕಪ್ಪು ಕೂತಿದೆ,
ಎಳ್ಳು ಚೆಲ್ಲಿದ ಹಾಗೆ. ಎಳ್ಳಿಗೆ ಕಾಲಿಲ್ಲ, ಇವಕ್ಕಿದೆ.
ಕೃಷಿಭವನದ ಚೀಟಿಯಲ್ಲಿ ಬರೆದದ್ದು ಮುಞ್ಞ.
ಬೇಲಿಯಾಚೆ ಬೀಪಾತುಮ್ಮ ಅಂದದ್ದು ಪೇನ್.
ಬಂದ್ಯೋಡಿನ ಶಾಲೆಯಲ್ಲಿ ನಾನು ಕಲಿಸುವುದು ಸಸ್ಯಹೇನು.
ಪಕಾರ ಹಕಾರವಾಗುವಷ್ಟರಲ್ಲಿ
ಒಂದು ಮಿಡಿಯ ರಸವೆಲ್ಲ ಮುಗಿದಿತ್ತು.

ಬಾಗಿಯಕ್ಕ ಬಂದಳು,
ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಕಂದು ಕಷಾಯ.
ಮೂವತ್ತೆರಡು ವರ್ಷ ಉಪ್ಪಳದ ಡಿಪೋಗೆ ಬೀಡಿ ಕಟ್ಟಿದವಳು.
ಮೊರದಂಚಿನ ಹೊಗೆಸೊಪ್ಪಿನ ಹುಡಿ ಒರೆಸಿ ತಂದು
ಕುದಿಸಿ, ಬಾರ್ ಸೋಪಿನ ಚೂರು ಕರಗಿಸಿ ಇಟ್ಟದ್ದು.
"ಸಾವಿರಕ್ಕೆ ಎಷ್ಟು ಕೊಟ್ಟರೋ ಮರೆತೆ,
ಇದೊಂದು ಬೋನಸ್ಸು" ಅಂತ ನಕ್ಕಳು.
ನಗು ಅರ್ಧದಲ್ಲೇ ಕೆಮ್ಮಾಯಿತು.
ಕೆಮ್ಮು ಮುಗಿಯುವ ತನಕ ಬಾಟಲಿ ನಾನು ಹಿಡಿದಿದ್ದೆ.

ಹೊಡೆಯಲಿಲ್ಲ. ಮೊದಲು ಕುಕ್ಕರಗಾಲಲ್ಲಿ ಕೂತು
ಬಳ್ಳಿಯನ್ನು ಮಡಿಲಿಗೆಳೆದು ಎಲೆ ಮಗುಚಿದಳು,
ಶಾಲೆಗೆ ಹೊರಟ ಹುಡುಗಿಯ ಕಿವಿಯ ಹಿಂದೆ ಹುಡುಕುವ ಹಾಗೆ.
ಇರುವೆಗಳು ಮೇಲೆ ಕೆಳಗೆ,
ಹೇನಿನ ಸಿಹಿ ಕರೆದು ಸಾಗಿಸುವ ಹಾಲಿನವರು.
"ಮೊದಲು ಇವರ ದಾರಿ ಕಡಿಯಬೇಕು."
ಬುಡಕ್ಕೆ ಒಲೆಯ ಬೂದಿ,
ಎಲೆಯಡಿಗೆ ಗಂಜಿಯ ತೆಳಿ.
"ಒಣಗಿದರೆ ಸಿಪ್ಪೆ. ಸಿಪ್ಪೆ ಉದುರುವಾಗ ಜೊತೆಗೆ ಅವೂ."

ಆಗ ಕಂಡಿತು ನನಗೆ:
ಬೂದು ಮೈ, ಕಿತ್ತಳೆ ಚುಕ್ಕೆ, ಮೊಸಳೆಮರಿಯ ಬೆನ್ನು.
ಹೊಸ ಪೀಡೆ ಎಂದು ಹೆಬ್ಬೆರಳು ಒಯ್ದೆ.
ಬಾಗಿಯಕ್ಕ ಮಣಿಕಟ್ಟು ಹಿಡಿದಳು,
ಎಲೆ ಸುರುಟಿ ಸುರುಟಿ ಜಡ್ಡುಗಟ್ಟಿದ ಬೆರಳು.
"ಗುಲಗಂಜಿ ಹುಳದ ಕೂಸು ಟೀಚರೇ.
ಚಂದ ಆಮೇಲೆ ಬರುತ್ತದೆ. ಈಗ ಹಸಿವು ಮಾತ್ರ."

ನೋಡುತ್ತ ಕೂತೆವು.
ಹೀರುವುದನ್ನು ಹಿಡಿದು ಹೀರಿತು, ತೊಗಲು ಬಿಟ್ಟಿತು.
ಇನ್ನೊಂದು.
ಬೀಪಾತುಮ್ಮ ಬೇಲಿಗೊರಗಿ ಹದಿನಾಲ್ಕರ ತನಕ ಎಣಿಸಿ
ಮೀನಿನವನ ಹಾರ್ನು ಕೇಳಿ ಓಡಿದಳು.

"ಮತ್ತೆ ಈ ಕಷಾಯ?"
"ಅದಕ್ಕೆ ಕಣ್ಣಿಲ್ಲ. ಹೇನೂ ಕೂಸೂ ಅದಕ್ಕೆ ಒಂದೇ.
ನನಗೆ ಗೊತ್ತಿಲ್ಲವಾ."
ಎದೆ ಮುಟ್ಟಿಕೊಂಡಳೋ, ಸೆರಗು ಸರಿಮಾಡಿದಳೋ.
ಮುಚ್ಚಳ ಬಿಗಿದು, ಮಕ್ಕಳಿಗೆ ಎಟುಕದ ಹಲಗೆಯ ಮೇಲೆ
ಬಾಟಲಿ ಇಟ್ಟು ಹೋದಳು. ಈಗಲೂ ಅಲ್ಲೇ ಇದೆ.

ಮೊನ್ನೆ ಕೊಯ್ದೆ. ಮೊಳದುದ್ದದ ಕಾಯಿ ಒಂದು ಕಟ್ಟು,
ಹೇನು ತಿಂದುಳಿದ ಸೊಟ್ಟ ಕಾಯಿ ಏಳೆಂಟು.
ಬಾಗಿಯಕ್ಕ ಸೊಟ್ಟದ್ದನ್ನೇ ಆರಿಸಿ ಮಡಿಲಿಗೆ ಹಾಕಿಕೊಂಡಳು.
"ನೆಟ್ಟಗಿರಬೇಕಾದ್ದು ಬೀಡಿ," ಎಂದಳು,
"ಪದಾರ್ಥಕ್ಕೆ ಏನು?"