ಬಿಟ್ಟುಹೋದ ಸ್ಟೇಷನ್

ಹಾಸನದ ಗಾಡಿ ಅರಸೀಕೆರೆಯಲ್ಲಿ ಇಳಿಸಿತು.
ಹುಬ್ಬಳ್ಳಿಯದಕ್ಕೆ ಇನ್ನೂ ಮೂರು ಗಂಟೆ.
ಆಟೋದ ಮುಕ್ತಾರ್ ಒಂದೇ ಉಸಿರಿಗೆ ಹೇಳಿದ:
'ಈಶ್ವರನ ಗುಡಿ, ಸಾವಿರ ಜಿನರ ಬಸದಿ, ಕೆರೆ ಏರಿ,
ಟೈಮಿದ್ರೆ ಮಾಲೇಕಲ್ಲು. ಎಲ್ಲಾ ಸೇರಿ ನಾನೂರು.'
'ಕನ್ನಡಕದ ಧರಣೇಂದ್ರಯ್ಯನವರ ಅಂಗಡಿ?' ಅಂದೆ.
ಮತ್ತೆ ಮೊದಲಿಂದ ಶುರುಮಾಡಿದ: ಈಶ್ವರನ ಗುಡಿ...

ಕೆರೆ ಕಟ್ಟಿಸಿದ ಅರಸಿ ಒಬ್ಬಳು, ಮುಕ್ತಾರನ ಪ್ರಕಾರ.
ಏರಿಯ ಮೇಲೆ ಎಮ್ಮೆ ಹಿಡಿದಿದ್ದ ಅಜ್ಜಿಯ ಪ್ರಕಾರ
ಇಬ್ಬರು, ಸವತಿಯರು;
ಒಬ್ಬಳ ಮೇಲಿನ ಹಟಕ್ಕೆ ಇನ್ನೊಬ್ಬಳು ಅಗೆಸಿದ್ದು.
ಎಮ್ಮೆ ನೀರಿಗಿಳಿಯಿತು.

ಬಸದಿಗೆ ಬೀಗ. ಸಂದಿಗೆ ಕಣ್ಣಿಟ್ಟರೆ
ಕತ್ತಲಲ್ಲಿ ಹೆಬ್ಬೆರಳುದ್ದದ ಜಿನರು, ಸಾಲು ಮೇಲೆ ಸಾಲು,
ಯಾರೊಬ್ಬರೂ ಈ ಕಡೆ ನೋಡದೆ.

ಗುಡಿಯ ಹತ್ತಿರ ಇಳಿದವಳು ಒಳಗೆ ಹೋಗಲಿಲ್ಲ.
ಗೋಡೆಗೆ ಅಂಗೈ ತಾಗಿಸುತ್ತ ಸುತ್ತು ಬಂದೆ.
ಎಂಟು ತುಂಬುವ ತನಕ ಇದು ನನಗೆ
ದುಂಡನೆಯ ಕಪ್ಪು ಬಣವೆ.
ಹೊಸ ಕನ್ನಡಕ ಮೂಗಿನ ಮೇಲೆ ಕೂತ ಸಂಜೆ
ಅವ್ವ ಇಲ್ಲಿಗೇ ಕರೆತಂದಳು. ಬಣವೆ ಒಮ್ಮೆಗೇ
ಮೂಲೆ ಮೂಲೆಯಾಗಿ ಒಡೆದು
ನಕ್ಷತ್ರವಾಯಿತು.
ಎಣಿಸಿದ್ದೆ, ಹದಿನಾಲ್ಕೋ ಹದಿನಾರೋ.
ಇವತ್ತೂ ಎಣಿಕೆ ತಪ್ಪಿತು.

ಆ ಕನ್ನಡಕ ಸಿಕ್ಕಿದ್ದೇ ಒಂದು ಒಗಟು.
ಧರಣೇಂದ್ರಯ್ಯನವರ ಗೋಡೆಯಲ್ಲೊಂದು ಹಲಗೆ,
ಕೆಳಗಿಳಿದಂತೆ ಸಣ್ಣಗಾಗುವ ಅಕ್ಷರ. 'ಓದು ಮಗಾ.'
ಬಾಣಾವರ, ದೇವನೂರು, ಬಳ್ಳೇಕೆರೆ, ಕಡೂರು, ಬೀರೂರು!
ಒಂದೂ ಕಂಡಿರಲಿಲ್ಲ. ಪಾಯಿಂಟ್ಸ್‌ಮನ್ನನ ಮಗಳು ನಾನು,
ಸ್ಟೇಷನ್ನುಗಳು ಮಗ್ಗಿಗಿಂತ ಮುಂಚೆ ಬಂದಿದ್ದವು.
ಸ್ಕೂಲಲ್ಲಿ ಸೋಡಾಬುಡ್ಡಿ ಅನ್ನುತ್ತಾರೆಂಬ ಭಯ ಬೇರೆ.
ಅವರು 'ಭೇಷ್' ಅಂದರು, ಗಾಜಿನ ಪುಡಿ ಮೆತ್ತಿದ ಕೈಯಿಂದ
ಕೆನ್ನೆ ತಟ್ಟಿದರು. ಅವ್ವನ ಕಡೆ ತಿರುಗಿ,
'ಮಂಗಳವಾರ ಬನ್ನಿ. ಹನ್ನೊಂದು ರೂಪಾಯಿ.'

ನಲವತ್ತೆರಡು ವರ್ಷ.

ಸ್ಟೇಷನ್ ಹಿಂದಿನ ಗಲ್ಲಿ. ಅಂಗಡಿ ಈಗ ಕೊಬ್ಬರಿ ಮಂಡಿ,
ಬಾಗಿಲಲ್ಲೇ ಎಣ್ಣೆಯ ಸಿಹಿ ವಾಸನೆ.
'ಅವರು ತೀರಿಕೊಂಡು ಹತ್ತೊಂಬತ್ತು ವರ್ಷ' ಅಂದ ಷಡಕ್ಷರಿ,
ತಕ್ಕಡಿಯಿಂದ ಕಣ್ಣೆತ್ತದೆ. 'ಬೋರ್ಡು ಗೀರ್ಡು ಏನಿಲ್ಲಮ್ಮ.
ಆ ಹಲಗೆ ಮಾತ್ರ ಐತೆ.'
ಹಿಂಬದಿಯಲ್ಲಿ ಸೀಮೆಸುಣ್ಣದ ಕ್ವಿಂಟಾಲ್ ಲೆಕ್ಕ.
ತಿರುಗಿಸಿದ.

ಬಾಣಾವರ.
ಬಳ್ಳೇಕೆರೆ.
ಕಡೂರು.

'ದೇವನೂರು?'

'ಬೇಕಂತಲೇ ಬಿಟ್ಟಿದ್ರು' ನಕ್ಕ.
'ರೈಲ್ವೆ ಕ್ವಾರ್ಟರ್ಸಿನ ಮಕ್ಕಳು ಭಾರಿ ಕಳ್ಳರು ಅನ್ನೋರು.
ದೇವನೂರು ಅಂದವರಿಗೆಲ್ಲ ಕನ್ನಡಕ.'

ಕೂರಲು ಒಂದು ಮೂಟೆ ತೋರಿಸಿದ. ಕೂತೆ.
ಮುಕ್ತಾರ್ ಹೊರಗೆ ಹಾರನ್ ಒತ್ತುತ್ತಿದ್ದ, ಮಾಲೇಕಲ್ಲು ಬಾಕಿ.

ಹುಬ್ಬಳ್ಳಿ ಗಾಡಿ ದೇವನೂರಲ್ಲಿ ನಿಲ್ಲುವುದಿಲ್ಲ.
ಕಿಟಕಿಗೆ ಹಣೆ ಒತ್ತಿ ಕಾದೆ, ಹಳದಿ ಬೋರ್ಡು
ಬಂತು, ಹೋಯಿತು. 'ದೇವನೂರು' ಅಂದೆ,
ಎದುರಿನ ಸೀಟಿನವರು ತಲೆಯೆತ್ತುವಷ್ಟು ಗಟ್ಟಿಯಾಗಿ.
ಓದಿದೆನೋ,
ಬಾಯಿಗೆ ಬಂದದ್ದೋ.