ಮೀನಿನ ಪುಡಿಗೆ ಬೇರೆ ಚಮಚ

ಬ್ಯಾಲರಾಟಿನಲ್ಲಿ ಏಪ್ರಿಲ್ ಅಂದರೆ
ಕೋಳಿಗಳು ಗರಿ ಉದುರಿಸುವ ತಿಂಗಳು.
ಗೂಡಿನ ತುಂಬ ಯಾರೋ ದಿಂಬು ಹರಿದ ಹಾಗೆ.
ಕೆಂಚಿಯ ಕುತ್ತಿಗೆ ಬೋಳು, ಬೂದಿಯ ಬಾಲ ಅರ್ಧ.
ಮೂರನೆಯವಳು ಎಡ್ನಾ
(ಪಕ್ಕದ ಮನೆಯ ನೊರೀನ್ ಇಟ್ಟದ್ದು, ಅವಳ ಅತ್ತೆಯ ಹೆಸರು)
ಉದುರಿದ ಗರಿ ಹೆಕ್ಕಿ ನುಂಗುತ್ತಾಳೆ,
ಉದುರದ್ದನ್ನೂ, ಉಳಿದಿಬ್ಬರ ಬೆನ್ನಿಂದ.

ತಪ್ಪು ನನ್ನದೇ.
ಅಂಗಡಿಯ ಮೇವು ಬೇಡ, ನಾನೇ ಬೆರೆಸುತ್ತೇನೆ ಅಂದವಳು.
ಗೋಧಿ ನಾಲ್ಕು ಪಾವು, ಓಟ್ಸ್ ಒಂದು, ಒಡೆದ ಬಟಾಣಿ ಎರಡು,
ಸೂರ್ಯಕಾಂತಿ ಬೀಜ ಒಂದು ಹಿಡಿ,
ಹಿಡಿ ಎಂದರೆ ನನ್ನದು, ಗಂಡನದಲ್ಲ.
ಮೆಲ್ಬರ್ನಿನಿಂದ ತರಿಸಿದ ರಾಗಿಯನ್ನೂ ಸುರಿದೆ:
ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ!
ಬೆಟ್ಟ ಹಾಗಿರಲಿ,
ಫೆಬ್ರವರಿಯಲ್ಲೇ ಬೂದಿ ಇಟ್ಟ ಮೊಟ್ಟೆಗೆ ಚಿಪ್ಪೇ ಇರಲಿಲ್ಲ.
ಅಂಗೈಯಲ್ಲಿ ನಡುಗಿತು, ಬೆಚ್ಚಗೆ,
ಎಲ್ಲಿ ಹಿಡಿಯಬೇಕೋ ತಿಳಿಯದ ಹಾಗೆ.

ಚಿಪ್ಪಿನ ಲೆಕ್ಕ ಸುಲಭ.
ಸಿಂಪಿಪುಡಿಯನ್ನು ಬೇರೆ ಬಟ್ಟಲಲ್ಲಿ ಇಟ್ಟರಾಯಿತು,
ಬೇಕಾದಾಗ ಬೇಕಾದಷ್ಟು ತಾವೇ ತಿನ್ನುತ್ತವೆ,
ಊಟದೆಲೆಯ ತುದಿಯ ಉಪ್ಪಿನಂತೆ.
ಗರಿಯ ಲೆಕ್ಕವೇ ತೊಡಕು.
ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ
ಕಂಡವರ ತಟ್ಟೆಗೆ ಗ್ರಾಂ ಗ್ರಾಂ ಪ್ರೊಟೀನು ಹೇಳಿದವಳು ನಾನು.
ಕಾಗದದ ಮೇಲೆ ಕೂಡಿಸಿದೆ, ನೂರಕ್ಕೆ ಹದಿನಾರು ಬಂತು.
ಗರಿ ಬರಲಿಲ್ಲ.
ಬೇಳೆಕಾಳಿಗೆ ಒಂದು ಕೊರತೆ, ಮೆಥಿಯೋನಿನ್ ಅಂತ ಹೆಸರು.
ಮಂಚ ಹೊತ್ತ ನಾಲ್ವರಲ್ಲಿ ಒಬ್ಬ ಕುಳ್ಳನಾದರೆ
ಮಂಚ ಅವನ ಎತ್ತರಕ್ಕೇ.

"ಮೀನಿನ ಪುಡಿ" ಅಂದಳು ನೊರೀನ್, ಬೇಲಿಯಾಚೆ ಬಟ್ಟೆ ಹರವುತ್ತ.
"ನೂರಕ್ಕೆ ಐದು. ಮೀರಿದರೆ ಮೊಟ್ಟೆ ನಾರುತ್ತದೆ."
ಮೊಟ್ಟೆ ತಿನ್ನುವವಳು ಅವಳೇ.
ನಾನು ಕೊರಳಲ್ಲಿ ಲಿಂಗ ಕಟ್ಟಿದವಳು,
ನಮ್ಮ ಅಡುಗೆಮನೆಯ ಹೊಸ್ತಿಲನ್ನು ಮೊಟ್ಟೆಯೂ ದಾಟಿದ್ದಿಲ್ಲ.
ಕೋಳಿ ಸಾಕಿದ್ದು ಬರೀ ಆ ಸದ್ದಿಗೆ,
ಹಿತ್ತಿಲಲ್ಲಿ ಯಾರೋ ತಮ್ಮಷ್ಟಕ್ಕೆ ಗೊಣಗುತ್ತಿರಲಿ ಎಂದು.

ಮೂರು ದಿನ ಯೋಚಿಸಿದೆ.
ನಾಲ್ಕನೆಯ ದಿನ ಎಡ್ನಾ ಕೆಂಚಿಯ ಬೆನ್ನಲ್ಲಿ ರಕ್ತ ಬರಿಸಿದಳು.

ಪುಡಿ ತಂದೆ. ಶೆಡ್ಡಿನಲ್ಲಿಟ್ಟೆ, ಮನೆಯೊಳಗಲ್ಲ.
ಅದಕ್ಕೇ ಒಂದು ಚಮಚ, ಅದಕ್ಕೇ ಒಂದು ತಕ್ಕಡಿ.
ಒಂದು ಕಾಲಕ್ಕೆ ಚಿನ್ನ ತೂಗಿದ ಊರಲ್ಲಿ
ಮೂಗಿಗೆ ಮಫ್ಲರು ಸುತ್ತಿ ನಾನು ಸತ್ತ ಮೀನು ತೂಗಿದೆ.
ನೀರು ಚಿಮುಕಿಸಿ ಕಲಸಿದೆ. ಒಣಗಿದ್ದರೆ
ಕಾಳಷ್ಟೇ ಆಯ್ದು ಪುಡಿ ಬಿಟ್ಟುಬಿಡುತ್ತವೆ,
ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುವ ನನ್ನವರ ಹಾಗೆ.

ಬಟ್ಟಲು ಹಿಡಿದು ಹಿತ್ತಿಲಿಗೆ ಬಂದರೆ
ಕೆಂಚಿ ಓಡುತ್ತಿದ್ದಾಳೆ, ಬೋಳು ಕುತ್ತಿಗೆ ಮುಂದೆ ಚಾಚಿ,
ಕೊಕ್ಕಿನಲ್ಲಿ ಒಂದು ಇಲಿಮರಿ, ಬಾಲ ಇನ್ನೂ ಅಲುಗುತ್ತ.
ಹಿಂದೆ ಬೂದಿ, ಅವಳ ಹಿಂದೆ ಎಡ್ನಾ, ಪಾಲು ಕೇಳುತ್ತ.
ನನ್ನತ್ತ ಒಬ್ಬಳೂ ನೋಡಲಿಲ್ಲ.

ಮೇ ಕೊನೆಗೆ ಆ ಕುತ್ತಿಗೆಯ ಮೇಲೆ
ಸೂಜಿ ಸೂಜಿ ಗರಿಮೊಳಕೆ.
ಲೆಕ್ಕದ ಪುಸ್ತಕ ತೆಗೆದು ಬರೆದಿಟ್ಟೆ:
ಮೀನಿನ ಪುಡಿ, ನೂರಕ್ಕೆ ಐದು.
ಇಲಿ, ಸಿಕ್ಕಷ್ಟು.